ತಿರುನೆಲ್ಲಿ ಕಾಡಿನ ಗುಂಡಿಗೆ ಸಾಕ್ಷಿ ಸಿಕ್ಕ ಕತೆ

1970ರ ಫೆಬ್ರವರಿ 18ರಂದು ವಯನಾಡಿನ ತಿರುನೆಲ್ಲಿ ಕಾಡಿನಲ್ಲಿ ವರ್ಗೀಸ್ ಎಂಬ ನಕ್ಸಲೀಯ ಪೊಲೀಸರ ಜತೆಗಿನ ಗುಂಡಿನ ಚಕಮಕಿಯಲ್ಲಿ ಸತ್ತ. ಕೇರಳ ಪೊಲೀಸರು ಹೇಳಿದ್ದು ಇಷ್ಟು. ಇದು ಸುಳ್ಳೆಂದು ಆ ಊರಿನ ಆದಿವಾಸಿಗಳು ಅಂದೇ ಮಾತಾಡಿಕೊಂಡರು, ಎಡಪಂಥದ ಗೆಳೆಯರು ಕೂಗಿ ಹೇಳಿದರು. ಆದರೆ ಗುಮಾನಿ ಬೇರೆ, ಸಾಕ್ಷ್ಯ ಬೇರೆ. ಆ ಹೊತ್ತು ಕಾಡಿನಲ್ಲಿ ಇದ್ದದ್ದು ಸತ್ತವನು ಮತ್ತು ಪೊಲೀಸರು. ಸತ್ತವನು ಹೇಳುವಂತಿಲ್ಲ, ಪೊಲೀಸರು ಹೇಳುವವರಲ್ಲ. ಹೀಗಾಗಿ ಪೊಲೀಸರ ಮಾತು ಇಪ್ಪತ್ತೆಂಟು ವರ್ಷ ಅಲುಗಾಡದೆ ನಿಂತಿತು.

ಅದನ್ನು ಉರುಳಿಸಿದ್ದು ಪತ್ತೇದಾರನಲ್ಲ, ಪತ್ರಕರ್ತನಲ್ಲ, ಹೊಸದಾಗಿ ಸಿಕ್ಕ ದಾಖಲೆಯೂ ಅಲ್ಲ. ಗುಂಡು ಹಾರಿಸಿದ ಕಾನ್‌ಸ್ಟೆಬಲ್ಲೇ ಮುಂದೆ ಬಂದು, ಕೊಂದವನು ನಾನು, ಕೊಲ್ಲಿಸಿದವರು ನನ್ನ ಮೇಲಧಿಕಾರಿ ಎಂದು ಹೇಳಿದರು. ಅವರ ಹೆಸರು ಪಿ. ರಾಮಚಂದ್ರನ್ ನಾಯರ್. ಕೈಗೆ ರಕ್ತ ಮೆತ್ತಿಕೊಂಡ ಪೊಲೀಸನ ಕತೆಯನ್ನು ಮಲಯಾಳಂ ಸಿನಿಮಾ ಈಗ ಮತ್ತೆ ಮತ್ತೆ ಹೇಳುತ್ತಿದೆ. ಕನ್ನಡದ ಪ್ರೇಕ್ಷಕರೂ ಅವನ್ನು ಮೆಚ್ಚಿ ನೋಡುತ್ತಿದ್ದಾರೆ. ಅಂಥ ಕತೆಗಳ ಹಿಂದೆ ನಿಜದ ನೆಲ ಎಷ್ಟು ಆಳವಾಗಿದೆ ಎಂದು ತಿಳಿಯಬೇಕಾದರೆ ಈ ಒಬ್ಬ ಕಾನ್‌ಸ್ಟೆಬಲ್‌ನ ಕತೆಯಿಂದಲೇ ಶುರು ಮಾಡಬೇಕು ಎಂಬುದು ನನ್ನ ಭಾವನೆ.

ತಿರುನೆಲ್ಲಿ ನಮಗೆ ದೂರದ ಊರಲ್ಲ. ಬ್ರಹ್ಮಗಿರಿ ಬೆಟ್ಟದ ಈಚೆ ಮಗ್ಗುಲಲ್ಲಿ ಕೊಡಗು, ಆಚೆ ಮಗ್ಗುಲಲ್ಲಿ ತಿರುನೆಲ್ಲಿ. ಅಲ್ಲಿನ ಮಹಾವಿಷ್ಣು ದೇವಸ್ಥಾನದ ಮೇಲಿರುವ ಪಾಪನಾಶಿನಿಗೆ ಕೊಡಗಿನಿಂದ ಇವತ್ತಿಗೂ ಜನ ಪಿತೃಕಾರ್ಯಕ್ಕೆ ಹೋಗುತ್ತಾರೆ. ಅಲ್ಲಿನ ಗದ್ದೆಗಳಲ್ಲಿ ದುಡಿಯುತ್ತಿದ್ದವರು ಅಡಿಯರೆಂಬ ಆದಿವಾಸಿಗಳು. ಅವರು ತಮ್ಮನ್ನು ರಾವುಳರೆಂದು ಕರೆದುಕೊಳ್ಳುತ್ತಾರೆ. ಕೊಡಗಿನ ಕಾಫಿ ತೋಟಗಳಲ್ಲಿ ನಾವು ಪಂಜಿರಿ ಯರವರೆಂದು ಕರೆಯುವ ಜನ ಇವರದೇ ಕುಲ. ಬೆಟ್ಟದ ಎರಡೂ ಕಡೆ ಅವರ ಪಾಡು ಹೆಚ್ಚುಕಮ್ಮಿ ಒಂದೇ ಆಗಿತ್ತು: ಒಡೆಯನ ಗದ್ದೆ, ಒಡೆಯನ ಅಳತೆ, ಒಡೆಯನ ಸಾಲ.

ಮಾನಂದವಾಡಿಯ ಹತ್ತಿರ ವಳ್ಳಿಯೂರ್‌ಕಾವು ಎಂಬ ಭಗವತಿಯ ಗುಡಿ ಇದೆ. ಪ್ರತಿ ವರ್ಷ ಮಾರ್ಚ್‌ನಲ್ಲಿ ಅಲ್ಲಿ ಎರಡು ವಾರದ ಜಾತ್ರೆ. ಒಂದು ಕಾಲದಲ್ಲಿ ಆ ಜಾತ್ರೆಯಲ್ಲೇ ಜಮೀನ್ದಾರರು ಅಡಿಯರನ್ನೂ ಪಣಿಯರನ್ನೂ ಮುಂದಿನ ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ಕೈಗೆ ಚಿಕ್ಕದೊಂದು ಮುಂಗಡ ಇಟ್ಟು, ದೇವಿಯ ಎದುರು ಮಾತು ತೆಗೆದುಕೊಂಡರೆ ಮುಗಿಯಿತು. ವರ್ಷ ತುಂಬುವ ತನಕ ಆ ಕುಟುಂಬ ಬೇರೆಡೆಗೆ ಹೋಗುವಂತಿಲ್ಲ. ಕೂಲಿ ಭತ್ತದ ರೂಪದಲ್ಲಿ, ಅದನ್ನು ಅಳೆಯುವ ಕೊಳಗ ಒಡೆಯನ ಮನೆಯದು. ದೇಶದಲ್ಲಿ ಜೀತಪದ್ಧತಿ ರದ್ದು ಮಾಡುವ ಕಾಯಿದೆ ಬಂದದ್ದು 1976ರಲ್ಲಿ. ನಾವು ಹೇಳುತ್ತಿರುವ ಕತೆ ಅದಕ್ಕೂ ಮೊದಲಿನದು. ಪಿ. ವತ್ಸಲಾ ಅವರು 1972ರಲ್ಲಿ ‘ನೆಲ್ಲ್’ ಕಾದಂಬರಿ ಬರೆದದ್ದು ತಿರುನೆಲ್ಲಿಯ ಇದೇ ಬದುಕಿನ ಮೇಲೆ. ಅದನ್ನು ರಾಮು ಕಾರ್ಯಾಟ್ ಎರಡು ವರ್ಷದ ಬಳಿಕ ಸಿನಿಮಾ ಮಾಡಿದರು.

ವರ್ಗೀಸ್ ವಯನಾಡಿನ ಕ್ರೈಸ್ತ ಕೃಷಿಕ ಕುಟುಂಬದಲ್ಲಿ ಬೆಳೆದವರು. ಕಮ್ಯುನಿಸ್ಟ್ ಪಕ್ಷದ ಕೆಲಸಕ್ಕೆಂದು ಆದಿವಾಸಿಗಳ ನಡುವೆ ಹೋದವರು ಅವರ ಹಾಡಿಗಳಲ್ಲೇ ಇದ್ದು ಅವರಲ್ಲೊಬ್ಬರಾದರು. ಕೂಲಿಗಾಗಿ, ನ್ಯಾಯವಾದ ಅಳತೆಗಾಗಿ ಅವರನ್ನು ಸಂಘಟಿಸಿದರು. ಅಡಿಯರು ಅವರನ್ನು ತಮ್ಮ ‘ಪೆರುಮನ್’, ಅಂದರೆ ಹಿರಿಯ ಎಂದು ಕರೆದರು. 1968ರ ನವೆಂಬರ್‌ನಲ್ಲಿ ತಲಶ್ಶೇರಿ ಮತ್ತು ಪುಲ್ಪಳ್ಳಿಯ ಪೊಲೀಸ್ ಠಾಣೆಗಳ ಮೇಲೆ ನಕ್ಸಲೀಯರ ದಾಳಿ ನಡೆಯಿತು. ಆ ಗುಂಪಿನ ಹಲವರು ಸಿಕ್ಕಿಬಿದ್ದರು. ವರ್ಗೀಸ್ ಭೂಗತರಾಗಿ ಉಳಿದರು. 1970ರ ಫೆಬ್ರವರಿ 9ರಂದು ಅವರ ತಂಡ ತಿರುನೆಲ್ಲಿಯ ಜಮೀನ್ದಾರ ವಾಸುದೇವ ಅಡಿಗರನ್ನೂ ತೃಶ್ಶಿಲೇರಿಯ ಚೇಕು ಎಂಬವರನ್ನೂ ಕೊಂದಿತು. ಕೊಳಗದ ಮೋಸ ಎಷ್ಟೇ ಹಳೆಯದಿರಲಿ, ಈ ಎರಡು ಕೊಲೆಗಳನ್ನು ನಾನು ಸಮರ್ಥಿಸಲಾರೆ. ವರ್ಗೀಸರನ್ನು ಹಿಡಿದು ನ್ಯಾಯಾಲಯಕ್ಕೆ ಒಪ್ಪಿಸಿದ್ದರೆ ಅಲ್ಲಿ ಈ ಕೊಲೆಗಳ ವಿಚಾರಣೆ ಆಗುತ್ತಿತ್ತು, ಬಹುಶಃ ದೊಡ್ಡ ಶಿಕ್ಷೆಯೂ ಆಗುತ್ತಿತ್ತು. ಹಾಗೆ ಆಗಲಿಲ್ಲ. ಒಂಬತ್ತು ದಿನದ ಮೇಲೆ ವರ್ಗೀಸ್ ಹೆಣವಾದರು.

ಆ ದಿನ ಏನಾಯಿತೆಂದು ರಾಮಚಂದ್ರನ್ ನಾಯರ್ ಮುಂದೆ ಹೇಳಿದ್ದು ಹೀಗೆ. ಅವರು ಆಗ ಸಿಆರ್‌ಪಿಎಫ್ ಕಾನ್‌ಸ್ಟೆಬಲ್. ವರ್ಗೀಸ್ ಅಡಗಿದ್ದ ಮನೆಯನ್ನು ಪೊಲೀಸರು ಸುತ್ತುವರಿದು ಅವರನ್ನು ಜೀವಂತವಾಗಿ ಹಿಡಿದರು. ಕೈ ಕಟ್ಟಿ ಕಾಡಿನೊಳಗೆ ಕರೆದುಕೊಂಡು ಹೋದರು. ಸಂಜೆ ಹೊತ್ತಿಗೆ ಡಿವೈಎಸ್ಪಿ ಕೆ. ಲಕ್ಷ್ಮಣ ಬಂದು, ಇವನನ್ನು ಮುಗಿಸಬೇಕು, ಯಾರು ಸಿದ್ಧ ಎಂದು ಕಾನ್‌ಸ್ಟೆಬಲ್‌ಗಳನ್ನು ಕೇಳಿದರು. ಉಳಿದವರು ಕೈ ಎತ್ತಿದರು, ನಾಯರ್ ಎತ್ತಲಿಲ್ಲ. ಎತ್ತದವನಿಗೇ ಆಜ್ಞೆಯಾಯಿತು. ನೀನು ಹೊಡೆಯದಿದ್ದರೆ ನಕ್ಸಲರ ಗುಂಡಿಗೆ ಒಬ್ಬ ಪೊಲೀಸನೂ ಸತ್ತನೆಂದು ಬರೆಯಬೇಕಾದೀತು ಎಂಬ ಅರ್ಥದ ಬೆದರಿಕೆಯೂ ಬಂತು.

ನಾಯರ್ ಹೇಳಿದ ಇನ್ನೊಂದು ವಿವರವನ್ನು ಮರೆಯಲಾಗುವುದಿಲ್ಲ. ಸಾವು ಬಂತೆಂದು ವರ್ಗೀಸರಿಗೆ ಗೊತ್ತಾಗಿತ್ತು. ಹೊಡೆಯುವ ಮೊದಲು ನನಗೊಂದು ಸೂಚನೆ ಕೊಡಿ, ಘೋಷಣೆ ಕೂಗಬೇಕು ಎಂದು ಅವರು ಕೇಳಿಕೊಂಡಿದ್ದರಂತೆ. ನಾಯರ್ ಬಾಯಿಂದ ಸಣ್ಣ ಸದ್ದು ಮಾಡಿದರು. ವರ್ಗೀಸ್ ಕ್ರಾಂತಿಯ ಘೋಷಣೆ ಕೂಗಿದರು. ಟ್ರಿಗರ್ ಒತ್ತಿದ್ದಾಯಿತು. ಆಮೇಲೆ ಹೆಣದ ಪಕ್ಕದಲ್ಲಿ ಒಂದು ನಾಡಬಂದೂಕು ಬಂತು. ಎನ್‌ಕೌಂಟರ್ ಸಿದ್ಧವಾಯಿತು. ಅವರು ಸತ್ತ ಜಾಗದ ಬಂಡೆಯನ್ನು ಜನ ಈಗ ವರ್ಗೀಸ್ ಪಾರ ಎನ್ನುತ್ತಾರೆ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ಸೇರುತ್ತಾರೆ.

ಮುಂದಿನ ವರ್ಷಗಳ ಲೆಕ್ಕ ನೋಡಿದರೆ ಹೊಟ್ಟೆ ತೊಳಸುತ್ತದೆ. ಲಕ್ಷ್ಮಣ ಮೇಲೇರುತ್ತಾ ಹೋಗಿ ಐಜಿ ಆಗಿ ನಿವೃತ್ತರಾದರು. ಸ್ಥಳದಲ್ಲಿ ಇದ್ದರೆಂದು ನಾಯರ್ ಹೆಸರಿಸಿದ ಇನ್ನೊಬ್ಬ ಅಧಿಕಾರಿ ಪಿ. ವಿಜಯನ್ ಡಿಜಿಪಿ ಹುದ್ದೆ ತನಕ ಹೋದರು. ನಾಯರ್ ಗುಟ್ಟನ್ನು ಎದೆಯಲ್ಲಿ ಹೊತ್ತು ತಿರುಗಿದರು. ಈ ನಡುವೆ ಕೇರಳ ಇನ್ನೊಂದು ಭಯಂಕರ ಪ್ರಕರಣ ಕಂಡಿತು. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರ ಮಾರ್ಚ್ 1ರಂದು, ಕೋಳಿಕ್ಕೋಡಿನ ರೀಜನಲ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಿಡಿದೊಯ್ದರು. ಕಕ್ಕಯಂ ಕ್ಯಾಂಪಿನಿಂದ ಅವನು ಮರಳಲಿಲ್ಲ, ಹೆಣವೂ ಸಿಗಲಿಲ್ಲ. ತಂದೆ ಈಚರ ವಾರಿಯರ್ 1977ರಲ್ಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅವನನ್ನು ನಾವು ಬಂಧಿಸಿಯೇ ಇಲ್ಲ ಎಂದು ಸರಕಾರ ಹೇಳಿತು. ಅದು ಸುಳ್ಳೆಂದು ಬಯಲಾಗಿ ಮುಖ್ಯಮಂತ್ರಿ ಕೆ. ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ಶಾಜಿ ಎನ್. ಕರುಣ್ ಅವರ ‘ಪಿರವಿ’ ಆ ತಂದೆಯ ಕಾಯುವಿಕೆಯ ನೆರಳಿನಲ್ಲಿ ಹುಟ್ಟಿದ ಸಿನಿಮಾ.

ರಾಜನ್ ಪ್ರಕರಣದಲ್ಲಿ ಪ್ರಶ್ನೆ ಕೇಳಲು ಒಬ್ಬ ತಂದೆ ಇದ್ದರು, ಅವರ ಬೆನ್ನಿಗೆ ನಾಡಿನ ಮಧ್ಯಮ ವರ್ಗ ನಿಂತಿತು. ತಿರುನೆಲ್ಲಿಯಲ್ಲಿ ಕೇಳಬೇಕಾದವರು ಅಡಿಯರು, ಅವರಿಗೆ ಹೈಕೋರ್ಟಿನ ದಾರಿ ಗೊತ್ತಿರಲಿಲ್ಲ. ಆದ್ದರಿಂದ ಅಲ್ಲಿ ನಿಜ ಒಳಗಿನಿಂದಲೇ ಬರಬೇಕಾಯಿತು.

ನಾಯರ್ ತಮ್ಮ ತಪ್ಪೊಪ್ಪಿಗೆಯನ್ನು ಕೈಯಾರೆ ಬರೆದು ಒಬ್ಬರಿಗೆ ಕೊಟ್ಟಿದ್ದರು. ಆ ಒಬ್ಬರು ಯಾರು ಎಂಬುದು ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಸೋಜಿಗದ ಸಂಗತಿ. ವಕೀಲರಲ್ಲ, ಪಾದ್ರಿಯಲ್ಲ, ಪತ್ರಿಕೆಯವರಲ್ಲ. ಗ್ರೋ ವಾಸು ಎಂದೇ ಕೇರಳದಲ್ಲಿ ಹೆಸರಾದ ಎ. ವಾಸು, ವರ್ಗೀಸರ ಜತೆಗೇ ನಕ್ಸಲ್ ಚಳವಳಿಯಲ್ಲಿದ್ದವರು. ಕೊಂದವನು ಕೊಲೆಯಾದವನ ಒಡನಾಡಿಯ ಕೈಗೇ ಕಾಗದ ಕೊಟ್ಟ. 1998ರಲ್ಲಿ ಅದು ಬಹಿರಂಗವಾಯಿತು, ನಾಯರ್ ಪತ್ರಿಕೆಗಳ ಮುಂದೆಯೂ ಬಂದು ಹೇಳಿದರು. ಇಡೀ ಕೇರಳ ಬೆಚ್ಚಿಬಿತ್ತು. ಆಮೇಲೆ ಅವರು ತಮ್ಮ ಆತ್ಮಕತೆಯನ್ನೂ ಬರೆದರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ನಾನು ಬದುಕಿದ್ದೆ ಎಂಬುದಕ್ಕೆ ಪುರಾವೆ.

ಇಲ್ಲಿ ಸ್ವಲ್ಪ ಕಾನೂನು ಹೇಳಲೇಬೇಕು, ಯಾಕೆಂದರೆ ಕತೆಯ ನಿಜವಾದ ತೊಡಕು ಇಲ್ಲಿಂದಲೇ ಶುರು. ಕೊಲೆಗೆ ನಮ್ಮ ಕಾನೂನಿನಲ್ಲಿ ಕಾಲಮಿತಿ ಇಲ್ಲ. ಇಪ್ಪತ್ತೆಂಟು ವರ್ಷವಾದರೂ ಪ್ರಕರಣ ದಾಖಲಿಸಬಹುದು. ಹೈಕೋರ್ಟ್ 1999ರಲ್ಲಿ ಸಿಬಿಐ ತನಿಖೆಗೆ ಆದೇಶಿಸಿತು. ಆದರೆ ತನಿಖೆಯ ಮೊದಲ ಹೆಜ್ಜೆಯಲ್ಲೇ, ಬಾಯಿಬಿಟ್ಟವನೇ ಒಂದನೇ ಆರೋಪಿಯಾದ. ಲಕ್ಷ್ಮಣ ಎರಡನೆಯವರು, ವಿಜಯನ್ ಮೂರನೆಯವರು. ಸಾಮಾನ್ಯವಾಗಿ ಗುಟ್ಟು ಬಿಟ್ಟುಕೊಟ್ಟ ಸಹ ಆರೋಪಿಯನ್ನು ಮಾಫಿ ಸಾಕ್ಷಿ ಮಾಡಿಕೊಳ್ಳುವ ದಾರಿ ಇದೆ: ಶಿಕ್ಷೆಯಿಂದ ಪಾರಾಗಿ ಅವನು ಉಳಿದವರ ಮೇಲೆ ಸಾಕ್ಷಿ ಹೇಳುತ್ತಾನೆ. ನಾಯರ್‌ಗೆ ಆ ದಾರಿ ತೆರೆಯಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವರ ಮನೆ ಬಾಗಿಲಿಗೆ ಯಾರೂ ಬರುತ್ತಿರಲಿಲ್ಲ. ಮಾತಾಡಿದ್ದಕ್ಕೆ ಜೀವಾವಧಿ ಶಿಕ್ಷೆಯ ಭಯವನ್ನು ತಲೆಯ ಮೇಲೆ ಎಳೆದುಕೊಂಡರು. ಕೀರ್ತಿಗಾಗಿ ಹೇಳಿದ, ನಕ್ಸಲರ ಮಾತು ಕೇಳಿ ಹೇಳಿದ ಎಂದು ಆಗ ಅನುಮಾನಪಟ್ಟವರಿಗೆ ಇದೊಂದೇ ಸಂಗತಿ ಸಾಕಾದ ಉತ್ತರ ಎನ್ನುವುದು ನನ್ನ ತೀರ್ಮಾನ.

ಎರಡನೇ ತೊಡಕು ಇನ್ನೂ ದೊಡ್ಡದು. ವಿಚಾರಣೆ ಆರಂಭವಾಗುವ ಮೊದಲೇ, 2006ರಲ್ಲಿ, ನಾಯರ್ ತೀರಿಕೊಂಡರು. ಒಬ್ಬ ಆರೋಪಿಯ ತಪ್ಪೊಪ್ಪಿಗೆಯನ್ನು ಇನ್ನೊಬ್ಬ ಆರೋಪಿಯ ವಿರುದ್ಧ ಪರಿಗಣಿಸಬೇಕಾದರೆ ಇಬ್ಬರ ವಿಚಾರಣೆ ಒಟ್ಟಿಗೆ ನಡೆಯುತ್ತಿರಬೇಕೆಂದು ಸಾಕ್ಷ್ಯ ಅಧಿನಿಯಮ ಹೇಳುತ್ತದೆ. ಸತ್ತವನನ್ನು ಯಾರ ಜತೆಗೂ ವಿಚಾರಣೆ ಮಾಡುವಂತಿಲ್ಲ. ಒಟ್ಟಿಗೆ ವಿಚಾರಣೆ ನಡೆದರೂ ಅಂಥ ತಪ್ಪೊಪ್ಪಿಗೆ ದುರ್ಬಲ ಸಾಕ್ಷ್ಯ, ಅದೊಂದರಿಂದಲೇ ಯಾರನ್ನೂ ಶಿಕ್ಷಿಸುವಂತಿಲ್ಲ. ತನ್ನನ್ನೇ ಶಿಕ್ಷೆಗೆ ಗುರಿಮಾಡುವಂಥ ಮಾತನ್ನು ಒಬ್ಬ ಹೇಳಿ ಸತ್ತಿದ್ದರೆ ಆ ಮಾತಿಗೆ ಬೆಲೆ ಕೊಡುವ ಕಲಮು ಅದೇ ಅಧಿನಿಯಮದಲ್ಲಿ ಇದೆ, ನಿಜ. ಆದರೂ ಸುಮಾರು ನಲವತ್ತು ವರ್ಷದ ಹಿಂದಿನ ಕಾಡಿನ ಸಂಜೆಗೆ ಬೇರೆ ಕಣ್ಣುಗಳು ಬೇಕಿದ್ದವು. ಅವೂ ಸಿಕ್ಕವು. ಆ ದಿನ ನಾಯರ್ ಜತೆ ಕಾಡಿನಲ್ಲಿದ್ದ ಇನ್ನೊಬ್ಬ ಕಾನ್‌ಸ್ಟೆಬಲ್ ನ್ಯಾಯಾಲಯಕ್ಕೆ ಬಂದು ಸಾಕ್ಷಿ ಹೇಳಿದರು. ಕೈ ಕಟ್ಟಿದ ಸ್ಥಿತಿಯಲ್ಲಿ ವರ್ಗೀಸರನ್ನು ಪೊಲೀಸರು ನಡೆಸಿಕೊಂಡು ಹೋದದ್ದನ್ನು ಕಂಡ ಊರಿನವರೂ ಹೇಳಿದರು. ಒಬ್ಬನು ಮೊದಲು ಬಾಯಿಬಿಟ್ಟದ್ದರಿಂದಲೇ ಉಳಿದವರಿಗೆ ಧೈರ್ಯ ಬಂದದ್ದು.

ನಾಯರ್ ಸತ್ತು, ತೀರ್ಪು ಇನ್ನೂ ಬಾರದ ಆ ನಡುವಿನ ಕಾಲದಲ್ಲಿ, 2008ರಲ್ಲಿ, ‘ತಲಪ್ಪಾವು’ ಬಿಡುಗಡೆಯಾಯಿತು. ನಟ ಮಧುಪಾಲ್ ನಿರ್ದೇಶಿಸಿದ ಮೊದಲ ಚಿತ್ರ, ಚಿತ್ರಕತೆ ಬಾಬು ಜನಾರ್ದನನ್ ಅವರದು. ಹೆಸರುಗಳು ಬದಲಾಗಿದ್ದವು: ಕಾನ್‌ಸ್ಟೆಬಲ್ ರವೀಂದ್ರನ್ ಪಿಳ್ಳೆಯಾಗಿ ಲಾಲ್, ನಕ್ಸಲ್ ಜೋಸೆಫ್ ಆಗಿ ಪೃಥ್ವಿರಾಜ್. ಕೇರಳದಲ್ಲಿ ಯಾರಿಗೂ ಇದು ಯಾರ ಕತೆ ಎಂದು ವಿವರಿಸಬೇಕಿರಲಿಲ್ಲ.

ಈ ಚಿತ್ರದ ದೊಡ್ಡ ನಿರ್ಧಾರ ಯಾರನ್ನು ನಡುವೆ ನಿಲ್ಲಿಸಬೇಕು ಎಂಬುದರಲ್ಲಿದೆ. ಹುತಾತ್ಮನ ಕತೆ ಹೇಳುವುದು ಸುಲಭವಿತ್ತು. ಪೃಥ್ವಿರಾಜ್ ಆಗಲೇ ತಾರೆ, ಕ್ರಾಂತಿಕಾರಿಯ ಪಾತ್ರಕ್ಕೆ ಚಪ್ಪಾಳೆ ಗ್ಯಾರಂಟಿ. ಮಧುಪಾಲ್ ಹಾಗೆ ಮಾಡಲಿಲ್ಲ. ಕತೆಯ ಭಾರವನ್ನೆಲ್ಲ ಗುಂಡು ಹೊಡೆದವನ ಮೇಲೆ ಹಾಕಿದರು. ಕಾಲ ಹಿಂದೆ ಮುಂದೆ ಓಡಾಡುತ್ತದೆ, ಆ ಒಂದು ಸಂಜೆ ಅವನನ್ನು ಬಿಡುವುದಿಲ್ಲ, ಒಳಗಿನ ಪಾಪಪ್ರಜ್ಞೆ ಅವನ ಸಂಸಾರವನ್ನೂ ತಿನ್ನುತ್ತದೆ. ಲಾಲ್ ಅವರ ದೇಹ ದೊಡ್ಡದು, ದನಿ ಗಡಸು. ಅಂಥವರು ಕುಗ್ಗಿ, ಬಾಗಿ, ಮಾತು ತಡವರಿಸುವುದನ್ನು ನೋಡುವಾಗ ಒಬ್ಬ ಮನುಷ್ಯ ಒಳಗಿನಿಂದ ಕುಸಿಯುವುದು ಕಾಣುತ್ತದೆ. ಆ ವರ್ಷದ ಕೇರಳ ರಾಜ್ಯ ಪ್ರಶಸ್ತಿಯಲ್ಲಿ ಅವರು ಅತ್ಯುತ್ತಮ ನಟರಾದರು, ಮಧುಪಾಲ್‌ಗೆ ಹೊಸ ನಿರ್ದೇಶಕನ ಪ್ರಶಸ್ತಿ ಬಂತು. ಕಾನ್‌ಸ್ಟೆಬಲ್‌ನನ್ನು ಅರ್ಥ ಮಾಡಿಕೊಳ್ಳುವ ಚಿತ್ರ ಅವನ ಕೈಯನ್ನು ತೊಳೆದು ಶುದ್ಧ ಮಾಡುವುದಿಲ್ಲ. ಅದಕ್ಕಾಗಿ ನಾನು ಅದನ್ನು ಗೌರವಿಸುತ್ತೇನೆ.

ಅದಕ್ಕೆ ಮುಂಚೆ ಮಲಯಾಳಂನಲ್ಲೂ ಪೊಲೀಸ್ ಎಂದರೆ ಹೆಚ್ಚಾಗಿ ಗುಡುಗುವ ನಾಯಕ. 1986ರ ‘ಆವನಾಳಿ’ಯಲ್ಲಿ ಮಮ್ಮುಟ್ಟಿಯ ಇನ್‌ಸ್ಪೆಕ್ಟರ್ ಬಲರಾಮ್, 1994ರ ‘ಕಮಿಷನರ್’ನಲ್ಲಿ ಸುರೇಶ್ ಗೋಪಿಯ ಭರತ್‌ಚಂದ್ರನ್. ನಮ್ಮಲ್ಲಿ ‘ಪೊಲೀಸ್ ಸ್ಟೋರಿ’ಯ ಸಾಯಿಕುಮಾರ್ ಅವರ ಅಗ್ನಿಯನ್ನು ಬಲ್ಲವರಿಗೆ ಈ ಜಾತಿಯ ಪೊಲೀಸ್ ಹೊಸಬನಲ್ಲ. ಅಲ್ಲಿ ಕಾನೂನು ಮೀರುವುದೇ ಪೌರುಷ, ಕಾನ್‌ಸ್ಟೆಬಲ್ ಹಿಂದೆ ಸೆಲ್ಯೂಟ್ ಹೊಡೆಯುತ್ತಾ ನಿಲ್ಲುವವನು. ‘ತಲಪ್ಪಾವು’ ಆ ಹಿಂದೆ ನಿಂತವನನ್ನು ಮುಂದಕ್ಕೆ ಕರೆಯಿತು. ಹತ್ತು ವರ್ಷದ ಮೇಲೆ ಕೇರಳ ಪೊಲೀಸ್ ಇಲಾಖೆಯೊಳಗಿಂದಲೇ ಶಾಹಿ ಕಬೀರ್ ಎಂಬ ಬರಹಗಾರ ಬಂದರು. ‘ಜೋಸೆಫ್’, ‘ನಾಯಾಟ್ಟು’ ಬರೆದರು, ‘ಇಲ ವೀಳಾ ಪೂಂಚಿರ’ ನಿರ್ದೇಶಿಸಿದರು. ‘ನಾಯಾಟ್ಟು’ವಿನಲ್ಲಿ ಮೂವರು ಕೆಳದರ್ಜೆ ಪೊಲೀಸರನ್ನು ತಮ್ಮ ಇಲಾಖೆಯೇ ಬೇಟೆಯಾಡುತ್ತದೆ. ಅದರ ಚಿತ್ರಕತೆಗೆ ರಾಷ್ಟ್ರಪ್ರಶಸ್ತಿ ಬಂತು. ಮೇಲಿನವರ ಆಜ್ಞೆಗೂ ತನ್ನ ಮನಸ್ಸಿಗೂ ನಡುವೆ ಸಿಕ್ಕಿದ ಪೊಲೀಸನ ಕತೆಯನ್ನು ಪೊಲೀಸನೇ ಹೇಳುವ ಎದೆಗಾರಿಕೆ ಕೇರಳದಲ್ಲಿ ಮೊದಲು ಕಂಡದ್ದು ರಾಮಚಂದ್ರನ್ ನಾಯರ್ ಅವರ ಕಾಗದದಲ್ಲಿ ಎಂದೇ ನಾನು ತಿಳಿಯುತ್ತೇನೆ.

2010ರ ಅಕ್ಟೋಬರ್‌ನಲ್ಲಿ ಕೊಚ್ಚಿಯ ಸಿಬಿಐ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಿತು. ನಿವೃತ್ತ ಐಜಿ ಲಕ್ಷ್ಮಣ ಕೊಲೆ ಅಪರಾಧಿ, ಜೀವಾವಧಿ ಶಿಕ್ಷೆ, ಹತ್ತು ಸಾವಿರ ರೂಪಾಯಿ ದಂಡ. ವಿಜಯನ್ ವಿರುದ್ಧ ಸಾಕ್ಷ್ಯ ಸಾಲದೆಂದು ಅವರನ್ನು ಬಿಡುಗಡೆ ಮಾಡಿತು. ಘಟನೆ ನಡೆದು ಆಗ ನಲವತ್ತು ವರ್ಷ ದಾಟಿತ್ತು.

ಮರುವರ್ಷ, 2011ರಲ್ಲಿ, ಸುಪ್ರೀಂ ಕೋರ್ಟ್ ಮುಂಬಯಿಯ ಬೇರೊಂದು ನಕಲಿ ಎನ್‌ಕೌಂಟರ್ ಪ್ರಕರಣದಲ್ಲಿ, ಪ್ರಕಾಶ್ ಕದಂ ತೀರ್ಪಿನಲ್ಲಿ, ಇಂಥ ಕೊಲೆ ತಣ್ಣಗೆ ಮಾಡಿದ ಕೊಲೆಯೇ, ಮೇಲಿನವರ ಆಜ್ಞೆ ಎಂಬ ನೆಪ ಒಪ್ಪಲಾಗದು, ಅಂಥ ಆಜ್ಞೆ ಬಂದರೆ ಪೊಲೀಸರು ನಿರಾಕರಿಸಲೇಬೇಕು ಎಂದಿತು. ಎರಡನೇ ಮಹಾಯುದ್ಧದ ನಂತರ ನ್ಯೂರಂಬರ್ಗ್ ವಿಚಾರಣೆಯಲ್ಲಿ ನಾಜಿಗಳು ಹೇಳಿದ ಇದೇ ನೆಪವನ್ನು ಅಲ್ಲಿ ನೆನಪಿಸಿತು. ಆ ಅಳತೆಯಲ್ಲಿ ನಾಯರ್ ತಪ್ಪಿತಸ್ಥರೇ. ಅವರೂ ಬೇರೆ ಹೇಳಲಿಲ್ಲ. ಪ್ರಾಣಭಯದಲ್ಲಿ ಟ್ರಿಗರ್ ಒತ್ತಿದೆ ಎಂದರು, ನಾನು ಕೊಲ್ಲಲಿಲ್ಲ ಎನ್ನಲಿಲ್ಲ. 2014ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಅದೇ ಕೋರ್ಟ್ ನಿಯಮಗಳನ್ನು ಹಾಕಿತು: ಎನ್‌ಕೌಂಟರ್ ಸಾವು ಆದಾಗಲೆಲ್ಲ ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು, ಭಾಗವಹಿಸಿದವರಿಗೆ ಕೂಡಲೇ ಬಡ್ತಿ ಅಥವಾ ಶೌರ್ಯಪದಕ ಕೊಡಬಾರದು. 1970ರಲ್ಲಿ ಇದರಲ್ಲಿ ಅರ್ಧದಷ್ಟು ಇದ್ದಿದ್ದರೂ ಒಬ್ಬ ಕಾನ್‌ಸ್ಟೆಬಲ್‌ನ ಮನಸ್ಸಾಕ್ಷಿ ಹಣ್ಣಾಗುವ ತನಕ ನಾಡು ಕಾಯಬೇಕಿರಲಿಲ್ಲ.

ವರ್ಗೀಸರ ಒಡಹುಟ್ಟಿದವರು ಪರಿಹಾರ ಕೇಳಿ ಮತ್ತೆ ಹೈಕೋರ್ಟಿಗೆ ಹೋದರು. ಆಗಲೂ ಸರಕಾರದ ಕಡೆಯಿಂದ ಸಲ್ಲಿಸಿದ ಪ್ರಮಾಣಪತ್ರದಲ್ಲಿ ವರ್ಗೀಸರನ್ನು ಕ್ರೂರ ಅಪರಾಧಿ ಎಂದು ಬಣ್ಣಿಸಲಾಗಿತ್ತು. ಕೇರಳದಲ್ಲಿ ಅದಕ್ಕೆ ದೊಡ್ಡ ಪ್ರತಿಭಟನೆ ಎದ್ದಿತು. ಕೊನೆಗೆ 2021ರಲ್ಲಿ ಕೇರಳದ ಸಚಿವ ಸಂಪುಟ ಆ ಒಡಹುಟ್ಟಿದವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಲು ತೀರ್ಮಾನಿಸಿತು.